ಮಡಚುವ ಮೊದಲು ನೀಡಬೇಕು

ಮೊಣಕಾಲಿನ ಲಿಗಮೆಂಟಿನ, ಅಂದರೆ ಎಲುಬುಗಳನ್ನು ಜೋಡಿಸಿ ಹಿಡಿಯುವ ಪಟ್ಟಿಯ, ಶಸ್ತ್ರಚಿಕಿತ್ಸೆ ಆದವರನ್ನು ನೋಡಲು ಬರುವವರು ನಮ್ಮ ಉಡುಪಿಯ ಕಡೆ ಮೊದಲು ಕೇಳುವುದು "ಕಾಲು ಮಡಚಲಿಕ್ಕೆ ಆಗ್ತದಾ?" ಎಂದು. ಚಕ್ಕಳಮಕ್ಕಳ ಹಾಕಿ ಎಲೆಯ ಮುಂದೆ ಕೂರುವುದಕ್ಕೂ, ದೇವರಿಗೆ ಅಡ್ಡಬೀಳುವುದಕ್ಕೂ, ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹುಲ್ಲು ಕೀಳುವುದಕ್ಕೂ ಮಂಡಿ ಮಡಚಲೇಬೇಕಾದ ಊರಿನಲ್ಲಿ ಈ ಪ್ರಶ್ನೆ ಸಹಜವೇ. ಆದರೆ ನನ್ನ ಚೇತರಿಕೆಯ ಮೊದಲ ವಾರಗಳಲ್ಲಿ ಫಿಸಿಯೋಥೆರಪಿಸ್ಟ್ ಪ್ರತಿ ಸಲವೂ ಮೊದಲು ನೋಡುತ್ತಿದ್ದದ್ದು ಇದಕ್ಕೆ ತದ್ವಿರುದ್ಧವಾದ ಸಂಗತಿಯನ್ನು: ಕಾಲು ನೀಡಿ, ಅಂದರೆ ನೇರವಾಗಿ ಚಾಚಿ, ಮಲಗಿದಾಗ ಮಂಡಿಯ ಹಿಂಭಾಗ ಮಂಚಕ್ಕೆ ತಾಗುತ್ತದೆಯೇ, ಇಲ್ಲವೇ ಎಂಬುದನ್ನು. ಮಡಚುವುದು ಬಹುಮಟ್ಟಿಗೆ ತಾನಾಗಿ ಬರುತ್ತದೆ, ನೀಡುವುದನ್ನು ಮಾತ್ರ ಬೇಗನೆ ಗೆದ್ದುಕೊಳ್ಳಬೇಕು ಎಂಬ ಈ ಕ್ರಮ ಅರ್ಥವಾಗಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಪಾಠ ಮಾಡುವವಳು. ಬಿಡುವಿನಲ್ಲಿ ಮಹಿಳೆಯರ ಹವ್ಯಾಸಿ ತಂಡವೊಂದರಲ್ಲಿ ಬಡಗುತಿಟ್ಟು ಶೈಲಿಯ ಯಕ್ಷಗಾನದ ಪುಂಡುವೇಷ, ಅಂದರೆ ಚುರುಕು ಕುಣಿತದ ತರುಣ ವೀರರ ಪಾತ್ರ, ಮಾಡುತ್ತೇನೆ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಮೊದಲು, ಮೇ ತಿಂಗಳ ಸೆಕೆಯಲ್ಲಿ ನಡೆದ ಒಂದು ಆಟದಲ್ಲಿ, ಗಿರ್ಕಿ ಹೊಡೆದು, ಅಂದರೆ ಗಿರ್ರನೆ ಸುತ್ತಿ, ನಿಲ್ಲುವಾಗ ಬಲಪಾದ ರಂಗಸ್ಥಳದ ನೆಲಹಾಸಿಗೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಯಾರೂ ತಾಗಿರಲಿಲ್ಲ, ನಾನು ಬೀಳಲೂ ಇಲ್ಲ. ಚಂಡೆಯ ಅಬ್ಬರದ ನಡುವೆಯೂ ಮಂಡಿಯ ಒಳಗೆ "ಟಕ್" ಎಂದದ್ದು ನನಗೆ ಕೇಳಿಸಿತು. ಚೌಕಿಗೆ ಬಂದು ಗೆಜ್ಜೆ ಬಿಚ್ಚಿ, ಬಣ್ಣ ತೆಗೆಯುವಷ್ಟರಲ್ಲಿ ಮಂಡಿಯ ಆಕಾರವೇ ಕಾಣದ ಹಾಗೆ ಊದಿಕೊಂಡಿತ್ತು. ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಹೀಗೆ ಊದಿಕೊಂಡರೆ ಗಂಟಿನ ಒಳಗೆ ರಕ್ತ ತುಂಬಿದೆ ಎಂದು ಸಂಶಯಿಸಬೇಕಂತೆ. ಆ ರಾತ್ರಿ ಹೋದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಎಲುಬು ಸರಿಯಾಗಿದೆ, ಬರೀ ಉಳುಕು ಎಂದು ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳುಹಿಸಿದರು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣಿಸುವುದಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ.

ಮುಂದಿನ ವಾರ ಮೂಳೆತಜ್ಞರೊಬ್ಬರು ಮಂಡಿಯನ್ನು ತುಸುವೇ ಮಡಚಿಸಿ, ಒಂದು ಕೈಯಲ್ಲಿ ತೊಡೆಯನ್ನೂ ಇನ್ನೊಂದರಲ್ಲಿ ಕೆಳಗಾಲನ್ನೂ ಹಿಡಿದು ಮುಂದಕ್ಕೆ ಎಳೆದು ನೋಡಿದರು. ಲ್ಯಾಕ್‌ಮನ್ ಪರೀಕ್ಷೆ ಎಂದು ಇದಕ್ಕೆ ಹೆಸರು. ಎಡಗಾಲು ಗಟ್ಟಿಯಾಗಿ ತಡೆದು ನಿಂತಿತು. ಬಲಗಾಲು ಸಡಿಲವಾದ ಡ್ರಾಯರಿನಂತೆ ಮುಂದೆ ಜಾರಿತು. ಎಂಆರ್‌ಐ ಅದನ್ನೇ ದೃಢಪಡಿಸಿತು. ತೊಡೆಯ ಎಲುಬಿನಿಂದ ಕೆಳಗಾಲಿನ ಎಲುಬಿಗೆ ಮಂಡಿಯ ನಡುವಿನಲ್ಲಿ ಓರೆಯಾಗಿ ಹಾದುಹೋಗುವ ಎಸಿಎಲ್ ಎಂಬ ಪಟ್ಟಿ ಪೂರ್ತಿಯಾಗಿ ಹರಿದಿತ್ತು. ಕೆಳಗಾಲು ಮುಂದಕ್ಕೆ ಜಾರದಂತೆ, ಅತಿಯಾಗಿ ಒಳತಿರುಗದಂತೆ ತಡೆಯುವುದೇ ಅದರ ಕೆಲಸ. ನೇರ ನಡೆಯುವವರಿಗೆ ಅದು ಇಲ್ಲದಿದ್ದರೂ ಬಹಳಷ್ಟು ದಿನ ನಡೆದುಹೋಗುತ್ತದೆ. ತಿರುಗುವವರಿಗೆ, ಹಾರಿ ಇಳಿಯುವವರಿಗೆ ಅದರ ಕೊರತೆ ಗೊತ್ತಾಗುತ್ತದೆ.

ಶಸ್ತ್ರಚಿಕಿತ್ಸೆ ಬೇಕೇ ಬೇಕೇ ಎಂಬ ನನ್ನ ಪ್ರಶ್ನೆಗೆ ವೈದ್ಯರು ಅವಸರದ ಉತ್ತರ ಕೊಡಲಿಲ್ಲ ಎಂಬುದು ನನಗೆ ಹಿಡಿಸಿತು. ಸ್ವೀಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 121 ಮಂದಿ ಕ್ರಿಯಾಶೀಲ ಯುವಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಮೊದಲು ವ್ಯಾಯಾಮವನ್ನೂ, ಅಗತ್ಯವೆನಿಸಿದರೆ ಮಾತ್ರ ಆಮೇಲೆ ಶಸ್ತ್ರಚಿಕಿತ್ಸೆಯನ್ನೂ ಕೊಟ್ಟಿದ್ದರು. ಎರಡು ವರ್ಷಗಳ ಕೊನೆಗೆ ಎರಡೂ ಗುಂಪುಗಳ ಮಂಡಿಯ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಎರಡನೆಯ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಷ್ಟರೊಳಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳಲಿಲ್ಲ. ಇದನ್ನು ವಿವರಿಸಿದ ಮೇಲೆ ಅವರು ಕೇಳಿದ್ದು ಒಂದೇ: "ನಿಮಗೆ ಈ ಕಾಲಿನಿಂದ ಏನು ಕೆಲಸ ಆಗಬೇಕು?" ಗಿರ್ಕಿ ಹೊಡೆಯಬೇಕು, ಮಂಡಿ ಹಾಕಬೇಕು ಎಂದೆ. ಮಂಡಿ ಹಾಕುವುದೆಂದರೆ ಎರಡೂ ಮೊಣಕಾಲನ್ನು ಊರಿ, ಮೊಣಕಾಲಿನಲ್ಲೇ ಸುತ್ತುತ್ತಾ ರಂಗಸ್ಥಳವನ್ನು ಬಳಸಿ ಬರುವುದು ಎಂದು ಅವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವರೂ ಇದೇ ಊರಿನವರು.

ಹರಿದದ್ದರ ಜಾಗದಲ್ಲಿ ಹೊಸ ಲಿಗಮೆಂಟಾಗಿ ಕೂರಿಸಲು ಬೇಕಾದ ರಜ್ಜುವನ್ನು, ಅಂದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿಯನ್ನು, ನನ್ನ ಮೈಯ ಯಾವ ಭಾಗದಿಂದ ತೆಗೆಯುವುದೆಂಬುದು ಇದೇ ಉತ್ತರದಿಂದ ತೀರ್ಮಾನವಾಯಿತು. ಮಂಡಿಚಿಪ್ಪಿನ ಕೆಳಗಿನ ರಜ್ಜುವಿನಿಂದ ತೆಗೆದರೆ ಎರಡು ತುದಿಯಲ್ಲೂ ಎಲುಬಿನ ತುಂಡು ಇರುವುದರಿಂದ ಬೇಗ ಬೆಸೆದುಕೊಳ್ಳುತ್ತದೆ, ಆದರೆ ಮೊಣಕಾಲೂರಿ ಕೂರುವಾಗ ನೋವು ಉಳಿಯುವ ಸಾಧ್ಯತೆ ಹೆಚ್ಚು. ಪಾದದ ಗಂಟಿನ ಹೊರಬದಿಯ ರಜ್ಜುವನ್ನೂ ಕೆಲವರು ಬಳಸುತ್ತಾರೆ. ಹೆಜ್ಜೆಗಾರಿಕೆಯೇ ಮುಖ್ಯವಾದ ಕಾಲಿನಲ್ಲಿ ಅದಕ್ಕೆ ಕೈಹಾಕುವುದು ಬೇಡವೆಂದರು. ಕೊನೆಗೆ ತೊಡೆಯ ಹಿಂಭಾಗದ ಎರಡು ಸ್ನಾಯುಗಳ ರಜ್ಜುಗಳನ್ನು ತೆಗೆದು, ಮಡಿಸಿ ನಾಲ್ಕೆಳೆ ಮಾಡಿ ಕೂರಿಸುವುದೆಂದು ನಿಶ್ಚಯವಾಯಿತು.

ಆದರೆ ಕೂಡಲೇ ಅಲ್ಲ. ಊತ ಇಳಿಯದ, ಪೂರ್ತಿ ನೀಡಲು ಬಾರದ ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಆಮೇಲೆ ಗಂಟು ಬಿಗಿದುಕೊಳ್ಳುವ ಅಪಾಯ ಹೆಚ್ಚು. ಆದ್ದರಿಂದ ಮೊದಲ ಫಿಸಿಯೋಥೆರಪಿ ನಡೆದದ್ದು ಶಸ್ತ್ರಚಿಕಿತ್ಸೆಗಿಂತ ಮುಂಚೆಯೇ. ಮಂಜುಗಡ್ಡೆ ಇಡುವುದು, ಕಾಲನ್ನು ಎತ್ತರದಲ್ಲಿಡುವುದು, ತೊಡೆ ಬಿಗಿಯುವುದು, ಕಾಲು ನೀಡುವುದು. ಜೂನ್ ಕೊನೆಯಲ್ಲಿ, ಮಳೆ ಜೋರಾಗಿ ಹಿಡಿದ ಮೇಲೆ, ಶಸ್ತ್ರಚಿಕಿತ್ಸೆ ಆಯಿತು. ಅದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಸೊಂಟದ ಕೆಳಗೆ ಅರಿವಳಿಕೆ ಕೊಟ್ಟಿದ್ದರು, ಮರುದಿನ ಮಂಡಿ ಬಾಗದಂತೆ ಹಿಡಿಯುವ ಉದ್ದನೆಯ ಬ್ರೇಸ್ ಕಟ್ಟಿ, ವಾಕರ್ ಹಿಡಿಸಿ ನಿಲ್ಲಿಸಿದರು.

ಮನೆಗೆ ಬಂದ ದಿನವೇ ಅತ್ತೆ ಪ್ರೀತಿಯಿಂದ ನನ್ನ ಮಂಡಿಯ ಅಡಿಗೆ ಹತ್ತಿಯ ದಿಂಬು ಇಟ್ಟರು. ಮಂಡಿ ತುಸು ಮಡಚಿದ ಸ್ಥಿತಿಯಲ್ಲಿ ನೋವು ನಿಜಕ್ಕೂ ಕಡಿಮೆ ಇರುತ್ತದೆ, ಏಕೆಂದರೆ ಊದಿಕೊಂಡ ಗಂಟಿನ ಒಳಗೆ ಆಗ ಸ್ಥಳ ಹೆಚ್ಚಾಗುತ್ತದೆ. ಸಂಜೆ ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಆ ದಿಂಬನ್ನು ನೋಡಿ, "ಅಮ್ಮಾ, ಇದನ್ನು ಇಲ್ಲಿಂದ ತೆಗೀಬೇಕು, ಬೇಕಾದ್ರೆ ಹಿಮ್ಮಡಿಯ ಅಡಿಗೆ ಇಡುವ" ಎಂದು ಟವೆಲೊಂದನ್ನು ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಟ್ಟರು. ಈಗ ಮಂಡಿಯ ಅಡಿಗೆ ಏನೂ ಇಲ್ಲ, ಅದು ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯಬೇಕು. ಮೊದಲ ನಿಮಿಷ ಏನೂ ಅನಿಸುವುದಿಲ್ಲ. ಆಮೇಲೆ ಮಂಡಿಯ ಹಿಂದೆ ಒಂದು ಎಳೆತ ಶುರುವಾಗಿ, ಮೀನಖಂಡದವರೆಗೂ ಹರಡಿ, ಕಾಲನ್ನು ಎತ್ತಿಬಿಡೋಣ ಎನಿಸುತ್ತದೆ. ಎತ್ತಬಾರದು. ಇದನ್ನು ದಿನಕ್ಕೆ ಹಲವು ಬಾರಿ, ಪ್ರತಿ ಸಲವೂ ಹತ್ತು ನಿಮಿಷ ಮಾಡಬೇಕು. ಸ್ವಲ್ಪ ದಿನಗಳ ಅನಂತರ ಬೋರಲು ಮಲಗಿ, ಕೆಳಗಾಲನ್ನು ಮಂಚದ ಅಂಚಿನಿಂದ ಹೊರಗೆ ಚಾಚಿ ಜೋಲುಬಿಡುವುದೂ ಸೇರಿತು.

ನೀಡುವುದಕ್ಕೆ ಇಷ್ಟೊಂದು ಮಹತ್ವ ಏಕೆಂದು ಕೇಳಿದಾಗ ಅವರು ಕೊಟ್ಟ ಕಾರಣಗಳು ಹೀಗಿದ್ದವು. ಮಂಡಿ ಐದು ಡಿಗ್ರಿಯಷ್ಟು ಮಡಚಿಯೇ ಉಳಿದರೂ ನಿಂತಷ್ಟು ಹೊತ್ತೂ ತೊಡೆಯ ಸ್ನಾಯು ದುಡಿಯುತ್ತಲೇ ಇರಬೇಕಾಗುತ್ತದೆ, ನಡಿಗೆ ಕುಂಟುತ್ತದೆ, ಮಂಡಿಚಿಪ್ಪಿನ ಹಿಂದೆ ಒತ್ತಡ ಬಿದ್ದು ಬೇರೆಯೇ ನೋವು ಆರಂಭವಾಗುತ್ತದೆ. ಜೊತೆಗೆ, ಹೊಸ ಲಿಗಮೆಂಟಿನ ಮುಂಭಾಗದ ಜಾಗದಲ್ಲಿ ಗಾಯದ ಅಂಗಾಂಶ ಬೆಳೆದು ಗಂಟುಕಟ್ಟಿದರೆ ಅದೇ ಬಾಗಿಲಿಗೆ ಅಡ್ಡ ಇಟ್ಟ ಹಾಗಾಗಿ, ಅದನ್ನು ತೆಗೆಯಲು ಕೆಲವರಿಗೆ ಇನ್ನೊಂದು ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಮಡಚುವ ವಿಷಯದಲ್ಲಿ ಅವರಿಗೆ ಆತುರವಿರಲಿಲ್ಲ. ಎರಡು ವಾರಕ್ಕೆ 90 ಡಿಗ್ರಿ, ಆರು ವಾರಕ್ಕೆ 120 ಡಿಗ್ರಿ ಬಂದರೆ ಸಾಕೆಂದರು. ಗೋನಿಯೋಮೀಟರ್ ಎಂಬ ಎರಡು ತೋಳಿನ ಅಳತೆಪಟ್ಟಿಯನ್ನು ಮಂಡಿಯ ಪಕ್ಕಕ್ಕೆ ಹಿಡಿದು ಅಳೆದಾಗ ನೀಡುವಿಕೆ ಸೊನ್ನೆಗೆ ಬಂದರೂ ಅವರಿಗೆ ಸಮಾಧಾನವಾಗಲಿಲ್ಲ. ನನ್ನ ಎಡಗಾಲು ಸೊನ್ನೆಯನ್ನೂ ದಾಟಿ ಸ್ವಲ್ಪ ಹಿಂದಕ್ಕೆ ಬಾಗುವ ಜಾತಿಯದು, ಬಲಗಾಲೂ ಅದಕ್ಕೆ ಸರಿಸಮನಾಗಬೇಕೆಂಬುದು ಅವರ ಲೆಕ್ಕ.

ನನ್ನನ್ನು ನಿಜವಾಗಿ ದಿಗಿಲುಗೊಳಿಸಿದ್ದು ಮಾತ್ರ ತೊಡೆ. "ಮಂಡಿಯನ್ನು ಮಂಚಕ್ಕೆ ಒತ್ತಿ, ತೊಡೆ ಬಿಗಿ ಮಾಡಿ" ಎಂದರು. ಎಡಗಾಲಿನಲ್ಲಿ ಮಾಡಿ ತೋರಿಸಿದೆ, ಮಂಡಿಚಿಪ್ಪು ಮೇಲಕ್ಕೆ ಸರಿಯಿತು. ಬಲಗಾಲಿಗೆ ಅದೇ ಆಜ್ಞೆ ಕೊಟ್ಟಾಗ ಏನೂ ಆಗಲಿಲ್ಲ. ನೋವಿದ್ದು ಆಗದೇ ಇದ್ದದ್ದಲ್ಲ. ಆ ಸ್ನಾಯುವನ್ನು ಹೇಗೆ ಬಿಗಿಯುವುದೆಂಬುದೇ ಮರೆತುಹೋದ ಹಾಗಿತ್ತು. ನಾನು ಉಸಿರು ಬಿಗಿಹಿಡಿದು, ಹುಬ್ಬು ಗಂಟಿಕ್ಕಿ, ಪೃಷ್ಠವನ್ನು ಬಿಗಿಯುತ್ತಿದ್ದೆನೇ ಹೊರತು ತೊಡೆ ಅಲ್ಲಾಡಲಿಲ್ಲ. ಗಂಟಿನೊಳಗೆ ದ್ರವ ತುಂಬಿಕೊಂಡಾಗ ಅಲ್ಲಿಂದ ಬೆನ್ನುಹುರಿಗೆ ಹೋಗುವ ಸಂಕೇತಗಳು ತೊಡೆಯ ಮುಂಭಾಗದ ಸ್ನಾಯುವನ್ನು ಪರಾವರ್ತಿತ ಪ್ರತಿಕ್ರಿಯೆಯಿಂದಲೇ, ನಮ್ಮ ಇಚ್ಛೆಯನ್ನು ಕೇಳದೆ, ತಡೆದುಬಿಡುತ್ತವಂತೆ. ಇದು ಸೋಮಾರಿತನವೂ ಅಲ್ಲ, ಹೆದರಿಕೆಯೂ ಅಲ್ಲ ಎಂದು ಅವರು ಒತ್ತಿ ಹೇಳಿದ್ದರಿಂದ ನನಗೆ ಧೈರ್ಯ ಬಂತು. ಮಂಡಿಚಿಪ್ಪಿನ ಮೇಲೆ, ತೊಡೆಯ ಒಳಬದಿಯಲ್ಲಿ ಹನಿಯಾಕಾರದಲ್ಲಿ ಉಬ್ಬುವ ಸ್ನಾಯುವಿನ ಮೇಲೊಂದು, ತೊಡೆಯ ಮೇಲ್ಭಾಗದಲ್ಲೊಂದು ಅಂಟುಪಟ್ಟಿ ಇಟ್ಟು ಸಣ್ಣ ಯಂತ್ರದಿಂದ ವಿದ್ಯುತ್ ಸ್ಪಂದನ ಕೊಟ್ಟರು. ಇರುವೆ ಹರಿದಾಡಿದಂತೆ ಶುರುವಾಗಿ, ತೊಡೆ ನನ್ನನ್ನು ಕೇಳದೆಯೇ ಬಿಗಿಯಿತು. ಯಂತ್ರ ಬಿಗಿಸುವ ಹೊತ್ತಿಗೇ ನಾನೂ ಬಿಗಿಯಲು ಯತ್ನಿಸಬೇಕು. ಬರೀ ಯಂತ್ರದಿಂದ ಪ್ರಯೋಜನವಿಲ್ಲ. ಅವರು ಆ ಸ್ನಾಯುವಿನ ಮೇಲೆ ಎರಡು ಬೆರಳಿಟ್ಟು ಕಾಯುತ್ತಿದ್ದರು. ಕೆಲವು ದಿನಗಳ ಮೇಲೆ ಒಂದು ಸಂಜೆ, ಯಂತ್ರ ನಿಲ್ಲಿಸಿದ ಅನಂತರವೂ ಬೆರಳಡಿಯಲ್ಲಿ ಅದು ಮಿಸುಕಿದಾಗ, "ಹಾಂ, ಬಂತು ಮೇಡಂ!" ಎಂದು ನನಗಿಂತ ಅವರೇ ಹೆಚ್ಚು ಹಿಗ್ಗಿದರು. ಮಂಡಿ ಬಾಗದಂತೆ ಕಾಲನ್ನು ನೇರವಾಗಿ ಎತ್ತಲು ಬಂದ ಮೇಲಷ್ಟೇ ಬ್ರೇಸಿನ ಬೀಗ ತೆಗೆದರು.

ಎಣ್ಣೆ ತಿಕ್ಕುವ ವಿಷಯದಲ್ಲಿ ಮನೆಯಲ್ಲಿ ಸಣ್ಣ ಜಗಳವೇ ಆಯಿತೆನ್ನಬೇಕು. ದೊಡ್ಡಮ್ಮನಿಗೆ ಪರಿಚಯದ ಒಬ್ಬರು ಉಳುಕು ತೆಗೆಯುವುದರಲ್ಲಿ ಹೆಸರಾದವರು. ಅವರನ್ನು ಕರೆಸಿ ಏಳು ದಿನ ತಿಕ್ಕಿಸಿದರೆ ಈ ಬ್ರೇಸು, ಕರೆಂಟು ಯಾವುದೂ ಬೇಡವೆಂಬುದು ಅವರ ವಾದ. ಹೊಸ ರಜ್ಜು ಇನ್ನೂ ಎಲುಬಿಗೆ ಬೆಸೆದಿಲ್ಲದ, ಊತವಿರುವ ಗಂಟನ್ನು ತಿರುಚಿ ತಿಕ್ಕುವುದು ಅಪಾಯವೆಂದು ಫಿಸಿಯೋಥೆರಪಿಸ್ಟ್ ಖಂಡಿತವಾಗಿ ಹೇಳಿದರು. ಹೊಲಿಗೆ ತೆಗೆದು ಗಾಯ ಪೂರ್ತಿ ಒಣಗಿದ ಮೇಲೆ, ಕಲೆಯ ಚರ್ಮ ಅಡಿಗೆ ಅಂಟಿಕೊಳ್ಳದಿರಲು ತೆಂಗಿನೆಣ್ಣೆ ಹಚ್ಚಿ ಬೆರಳ ತುದಿಯಿಂದ ಸುತ್ತ ತೀಡಿ ಎಂದು ಅವರೇ ಹೇಳಿದಾಗ ದೊಡ್ಡಮ್ಮ ತಾವು ಗೆದ್ದೆವೆಂದು ಊರೆಲ್ಲ ಹೇಳಿಕೊಂಡು ಬಂದರು. ಆ ಕಲೆಯ ಹೊರಬದಿಯಲ್ಲಿ ಅಂಗೈಯಷ್ಟು ಜಾಗ ಇವತ್ತಿಗೂ ಮರಗಟ್ಟಿದಂತಿದೆ. ರಜ್ಜು ತೆಗೆಯುವ ಜಾಗದಲ್ಲಿ ಹಾದುಹೋಗುವ ಚರ್ಮದ ಸಣ್ಣ ನರಕ್ಕೆ ಪೆಟ್ಟಾಗಿ ಹೀಗಾಗುವುದು ಸಾಮಾನ್ಯವಂತೆ. ನಡೆಯಲು ಅದರಿಂದ ತೊಂದರೆ ಇಲ್ಲ, ಸೊಳ್ಳೆ ಕಚ್ಚಿದರೂ ಗೊತ್ತಾಗುವುದಿಲ್ಲ ಅಷ್ಟೆ.

ಆಗಸ್ಟ್ ಹೊತ್ತಿಗೆ ನಾನು ಊರುಗೋಲಿಲ್ಲದೆ ನಡೆಯುತ್ತಿದ್ದೆ, ಕಾಲೇಜಿಗೂ ಹೋಗಲಾರಂಭಿಸಿದೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು ಎಂಬ ಸೂತ್ರ ಬಾಯಿಪಾಠವಾಗಿತ್ತು. ಆದರೆ ನಮ್ಮ ಸಿಟಿ ಬಸ್ಸಿನ ಮೊದಲ ಮೆಟ್ಟಿಲು ಇರುವ ಎತ್ತರಕ್ಕೂ, ಕಲ್ಸಂಕದಲ್ಲಿ ನಿರ್ವಾಹಕರು "ಬೇಗ, ಬೇಗ" ಎನ್ನುವ ವೇಗಕ್ಕೂ ಯಾವ ಸೂತ್ರವೂ ಸಾಲದೆ, ಕೆಲವು ತಿಂಗಳು ಆಟೋದಲ್ಲೇ ಓಡಾಡಿದೆ. ಅಂಗಳದ ಪಾಚಿಯ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿಸಿ ತಿಕ್ಕಿಸಿದ್ದು ನನ್ನ ಗಂಡ ಆ ಮಳೆಗಾಲದಲ್ಲಿ ಮಾಡಿದ ದೊಡ್ಡ ಉಪಕಾರ. ನೋವು ಇರಲಿಲ್ಲ. ನೋವಿಲ್ಲದ ಈ ಕಾಲವೇ ಅತ್ಯಂತ ನಾಜೂಕಿನದೆಂದು ಫಿಸಿಯೋಥೆರಪಿಸ್ಟ್ ಎಚ್ಚರಿಸುತ್ತಿದ್ದರು. ಕೂರಿಸಿದ ರಜ್ಜುವಿಗೆ ಮೊದಲಿಗೆ ರಕ್ತದ ಪೂರೈಕೆ ಇರುವುದಿಲ್ಲ. ಅದರ ಜೀವಕೋಶಗಳು ಸತ್ತು, ಹೊಸ ರಕ್ತನಾಳಗಳು ಒಳಹೊಕ್ಕು, ಎಳೆಗಳು ನಿಧಾನವಾಗಿ ಮರುಜೋಡಣೆಯಾಗಿ ಅದು ಲಿಗಮೆಂಟಿನ ಗುಣಕ್ಕೆ ಹತ್ತಿರವಾಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಸುಮಾರು 6ರಿಂದ 12 ವಾರಗಳ ನಡುವೆ ಅದರ ಬಲ ಕೂರಿಸಿದ ದಿನಕ್ಕಿಂತಲೂ ಕಡಿಮೆ. ತವರಿನ ಗದ್ದೆಯಲ್ಲಿ ನೆಟ್ಟ ನೇಜಿ ಹಸಿರಾಗುವ ಮೊದಲು ಒಮ್ಮೆ ಹಳದಿ ತಿರುಗುವುದನ್ನು ನೋಡುತ್ತಾ ಬೆಳೆದ ನನಗೆ ಇದನ್ನು ನಂಬುವುದು ಕಷ್ಟವಾಗಲಿಲ್ಲ. ತೊಂದರೆ ಏನೆಂದರೆ ಗದ್ದೆಯ ಹಳದಿ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಫಿಸಿಯೋಥೆರಪಿ ಕೇಂದ್ರದಲ್ಲಿ ನನ್ನ ಜೊತೆಗೆ ಬರುತ್ತಿದ್ದ ಹಲವರು ಕಾಣೆಯಾದದ್ದು ಇದೇ ಹೊತ್ತಿನಲ್ಲಿ. ನೋವು ಹೋಯಿತು, ನಡಿಗೆ ಬಂತು, ಇನ್ನೇನು ಎಂಬುದೊಂದು ಕಾರಣ, ವಿಮೆ ಇನ್ನೊಂದು. ನನ್ನ ಪಾಲಿಸಿಯಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಅನಂತರದ 60 ದಿನಗಳ ವೆಚ್ಚ ಮಾತ್ರ ಸಿಗುತ್ತಿತ್ತು. ಒಂದು ವರ್ಷದ ಕೆಲಸಕ್ಕೆ ಎರಡು ತಿಂಗಳ ಹಣ ಕೊಡುವ ಈ ಏರ್ಪಾಡು ಯಾರ ಲೆಕ್ಕವೆಂದು ಲೆಕ್ಕಶಾಸ್ತ್ರ ಕಲಿಸುವ ನನಗೂ ತಿಳಿಯದು. ನಾನು ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗುವುದು, ಉಳಿದ ದಿನ ಮನೆಯಲ್ಲಿ ಮಾಡುವುದು ಎಂದು ಹೊಂದಿಸಿಕೊಂಡೆ. ಜಗಲಿಯ ಮೆಟ್ಟಿಲೇ ಹತ್ತಿ ಇಳಿಯುವ ವ್ಯಾಯಾಮಕ್ಕೆ ಒದಗಿತು. ಹತ್ತುವುದಕ್ಕಿಂತ ನಿಧಾನವಾಗಿ ಇಳಿಯುವುದು ಕಷ್ಟ. ಇಳಿಯುವಾಗ ಮಂಡಿ ಒಳಕ್ಕೆ ವಾಲದೆ ಪಾದದ ಎರಡನೆಯ ಬೆರಳಿನ ನೇರಕ್ಕೆ ಇರಬೇಕು. ಎದುರಿಗೆ ಕನ್ನಡಿ ಇಟ್ಟುಕೊಂಡು ಇಳಿದಾಗ, ನನ್ನ ಮಂಡಿ ಪ್ರತಿ ಸಲವೂ ಒಳಕ್ಕೆ ಓಡುತ್ತಿದ್ದದ್ದು ಕಂಡು, ಮೂಲದಲ್ಲಿ ಅದು ಹರಿದದ್ದು ಹೇಗೆಂಬುದೂ ಅರ್ಥವಾಯಿತು. ಅದನ್ನು ಸರಿಪಡಿಸುವ ಕೆಲಸ ಮಂಡಿಯದಲ್ಲ, ಸೊಂಟದ ಬದಿಯ ಸ್ನಾಯುಗಳದು.

ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನು ನಾನು ಸುಲಭವೆಂದುಕೊಂಡಿದ್ದೆ. ಕಣ್ಣು ಮುಚ್ಚಿಸಿದ ಕೂಡಲೇ ಗೋಡೆ ಹಿಡಿಯಬೇಕಾಯಿತು. ಕಾಲು ಎಲ್ಲಿದೆ, ಎಷ್ಟು ಬಾಗಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಎಸಿಎಲ್‌ನಲ್ಲೂ ಇರುತ್ತವೆ, ಹರಿದ ಲಿಗಮೆಂಟಿನ ಜೊತೆ ಅವೂ ಹೋಗುತ್ತವೆ. ಮಲ್ಪೆಯ ಕಡಲತೀರದಲ್ಲಿ ನಡೆದರೆ ಒಳ್ಳೆಯದೆಂದು ಸಲಹೆ ಕೊಟ್ಟವರು ಬಹಳ ಮಂದಿ. ಪಾದದಡಿಯಲ್ಲಿ ಕುಸಿಯುವ ಮರಳು ಈಗಲೇ ಬೇಡ, ಮೊದಲು ಅಜ್ಜರಕಾಡಿನ ಸಮತಟ್ಟಾದ ನೆಲದಲ್ಲಿ ನಡೆಯಿರಿ, ಆಮೇಲೆ ಓಡಿರಿ ಎಂದು ಫಿಸಿಯೋಥೆರಪಿಸ್ಟ್ ತಡೆದರು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟಾಗ ನಾನು ಅಲ್ಲಿ ಒಂದು ನಿಮಿಷ ಓಡುವುದು, ಎರಡು ನಿಮಿಷ ನಡೆಯುವುದು ಮಾಡುತ್ತಿದ್ದೆ. ತೊಡೆಯ ಹಿಂಭಾಗ ಮಾತ್ರ ಆಗಾಗ ಕಾಡುತ್ತಿತ್ತು. ನಿಂತಲ್ಲೇ ಹಿಮ್ಮಡಿ ಹಿಂದಕ್ಕೆ ಎತ್ತಿ ಚಪ್ಪಲಿ ಕಳಚಲು ಹೋದಾಗ ರಜ್ಜು ತೆಗೆದ ಜಾಗ ಫಕ್ಕನೆ ಹಿಡಿದುಕೊಳ್ಳುತ್ತಿತ್ತು.

ತಂಡದಿಂದ ಕರೆ ಬರಲು ಆರಂಭವಾದದ್ದೂ ಆಗಲೇ. ಜನವರಿಯ ಆಟಕ್ಕೆ ಬರಬಹುದೇ ಎಂದು ಭಾಗವತರು ಕೇಳಿದಾಗ ಫಿಸಿಯೋಥೆರಪಿಸ್ಟ್ ಒಪ್ಪಲಿಲ್ಲ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ತಿರುಗಿ ಹಾರುವ ಆಟಗಳಿಗೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಕ್ಯಾಲೆಂಡರ್ ಒಂದೇ ಸಾಲದು, ಪರೀಕ್ಷೆಯಲ್ಲೂ ಪಾಸಾಗಬೇಕು ಎಂದರು: ಒಂಟಿಕಾಲಿನ ಒಂದು ನೆಗೆತ, ಸತತ ಮೂರು ನೆಗೆತ, ಗೆರೆಯ ಎಡಬಲಕ್ಕೆ ದಾಟುವ ನೆಗೆತ, ಆರು ಮೀಟರ್ ದೂರವನ್ನು ಕುಪ್ಪಳಿಸುತ್ತಾ ಕ್ರಮಿಸಲು ಹಿಡಿಯುವ ಸಮಯ. ಎಲ್ಲದರಲ್ಲೂ ಬಲಗಾಲು ಎಡಗಾಲಿನ ಕನಿಷ್ಠ ಶೇ. 90ರಷ್ಟು ಇರಬೇಕು, ತೊಡೆಯ ಬಲವೂ ಅಷ್ಟೇ ಇರಬೇಕು. ತಿಂಗಳುಗಟ್ಟಲೆ ಸುಮ್ಮನಿದ್ದ ಎಡಗಾಲೂ ಸೊರಗಿರುವುದರಿಂದ ಈ ಶೇಕಡಾವಾರು ಕೆಲವೊಮ್ಮೆ ಮೋಸ ಮಾಡುತ್ತದೆಂದು, ನನ್ನ ಎರಡೂ ಕಾಲಿಗೆ ವ್ಯಾಯಾಮ ಕೊಟ್ಟಿದ್ದರು. ಫೆಬ್ರವರಿಯಲ್ಲಿ ನೆಗೆತಗಳಲ್ಲಿ ಪಾಸಾದೆ, ತೊಡೆಯ ಬಲದಲ್ಲಿ ಆಗಲಿಲ್ಲ. ಏಪ್ರಿಲ್‌ನಲ್ಲಿ ಅದೂ ಆಯಿತು.

ಆಮೇಲೆ ಉಳಿದದ್ದು ಯಾವ ಪಠ್ಯದಲ್ಲೂ ಇಲ್ಲದ ಭಾಗ. ಅವರು ನನ್ನ ಹಳೆಯ ಆಟವೊಂದರ ವೀಡಿಯೋ ತರಿಸಿಕೊಂಡು, ನಿಧಾನಗೊಳಿಸಿ ನೋಡಿ, ಹೆಜ್ಜೆಗಳನ್ನು ಬಿಡಿಸಿದರು. ಊರಿನವರೆಲ್ಲ ಹೆದರುತ್ತಿದ್ದದ್ದು ಮಂಡಿ ಹಾಕುವುದಕ್ಕೆ. ಆದರೆ ಮೊಣಕಾಲೂರಿದಾಗ ನೆಲ ಕೆಳಗಾಲಿನ ಎಲುಬನ್ನು ಹಿಂದಕ್ಕೆ ತಳ್ಳುತ್ತದೆ, ನನ್ನ ಹೊಸ ಲಿಗಮೆಂಟ್ ತಡೆಯಬೇಕಾದದ್ದು ಅದು ಮುಂದಕ್ಕೆ ಜಾರುವುದನ್ನು. ಆದ್ದರಿಂದ ಅಲ್ಲಿ ಕಾಡಿದ್ದು ಲಿಗಮೆಂಟಲ್ಲ, ಕಲೆಯ ಚರ್ಮ. ಮೊದಲು ಹಾಸಿಗೆಯ ಮೇಲೆ, ಆಮೇಲೆ ಯೋಗದ ಚಾಪೆಯ ಮೇಲೆ, ಕೊನೆಗೆ ಹಲಗೆಯ ಮೇಲೆ ಮೊಣಕಾಲೂರುತ್ತಾ ಅದನ್ನು ಒಗ್ಗಿಸಿದೆ. ಮಂಡಿಯಿಂದ ಏಳುವ ಕ್ಷಣವೂ, ಗಿರ್ಕಿ ಮುಗಿಸಿ ನಿಲ್ಲುವ ಕ್ಷಣವೂ ನಿಜವಾದ ಅಪಾಯದ ಜಾಗಗಳು. ಪಾದ ಊರಿದ ಮೇಲೆ ಮೈ ತಿರುಗಬಾರದು, ಪಾದವೂ ಮೈಯೂ ಒಟ್ಟಿಗೇ ತಿರುಗಿ ಬರಬೇಕು; ಎರಡೂ ಮಂಡಿ ತುಸು ಬಾಗಿರಬೇಕು. ಕಾಲುಭಾಗ ತಿರುಗಿ ನಿಲ್ಲುವುದರಿಂದ ಆರಂಭಿಸಿ, ಅರ್ಧ, ಮುಕ್ಕಾಲು, ಪೂರ್ತಿ ಎಂದು ಏರಿಸಿದೆವು. ನೆಗೆತದ ಪರೀಕ್ಷೆಯಲ್ಲಿ ಪಾಸಾದ ಕಾಲು ಗಿರ್ಕಿಯ ಹೊತ್ತಿಗೆ ತಾನಾಗಿ ಹಿಂಜರಿಯುತ್ತಿತ್ತು. ನಾನು ಎಡಗಾಲಿನ ಮೇಲೆಯೇ ಇಳಿಯುತ್ತಿದ್ದೇನೆಂಬುದನ್ನು ಅವರು ವೀಡಿಯೋದಲ್ಲಿ ತೋರಿಸುವವರೆಗೂ ನನಗೆ ಗೊತ್ತೇ ಇರಲಿಲ್ಲ. ತಾಳಕ್ಕೆ ಲೆಕ್ಕ ಹಾಕಿ ಇಳಿಯುವುದನ್ನು ಅಭ್ಯಾಸ ಮಾಡಿದ ಮೇಲೆ, ಗಮನ ಕಾಲಿನಿಂದ ಮದ್ದಳೆಗೆ ಸರಿದು, ಅದು ಕಡಿಮೆಯಾಯಿತು.

ಈ ಪತ್ತನಾಜೆಗೆ ಮೊದಲು ಒಂದು ಸಣ್ಣ ವೇಷ ಮಾಡಿದ್ದೇನೆ. ಕಚ್ಚೆಯ ಒಳಗೆ ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಳ್ಳುವುದು, ರಂಗಸ್ಥಳದ ಹಾಸನ್ನು ನಾಲ್ಕೂ ಮೂಲೆಯಲ್ಲಿ ಎಳೆದು ಬಿಗಿ ಕಟ್ಟಿಸುವುದು, ಮಂಡಿಯ ಸುತ್ತುಗಳನ್ನು ಅರ್ಧಕ್ಕೆ ಇಳಿಸುವುದು ಎಂಬ ಷರತ್ತುಗಳನ್ನು ಭಾಗವತರು ಗೊಣಗುತ್ತಲೇ ಒಪ್ಪಿಕೊಂಡರು. ಮರಳಿದ ಮೊದಲ ಎರಡು ವರ್ಷ ಇದೇ ಕಾಲಿಗೋ ಇನ್ನೊಂದಕ್ಕೋ ಮತ್ತೆ ಪೆಟ್ಟಾಗುವ ಸಾಧ್ಯತೆ ಹೆಚ್ಚಿರುವುದರಿಂದ, ವಾರಕ್ಕೆರಡು ಬಾರಿ ತೊಡೆ, ಸೊಂಟದ ವ್ಯಾಯಾಮ ಈಗಲೂ ನಡೆದಿದೆ. ಪುಂಡುವೇಷದ ಪೂರ್ತಿ ಪ್ರವೇಶ ಕುಣಿತಕ್ಕೆ ಮುಂದಿನ ತಿರುಗಾಟದ ಹೊತ್ತಿಗೆ ಅನುಮತಿ ಕೊಡುವುದೋ ಬೇಡವೋ ಎಂಬುದನ್ನು ಅಕ್ಟೋಬರಿನಲ್ಲಿ ಇನ್ನೊಮ್ಮೆ ತೊಡೆಯ ಬಲ ಅಳೆದು ಹೇಳುತ್ತಾರಂತೆ.